ಮಾರು, ಮೊಳ, ಗೇಣು

ನಿನ್ನೆ ಸಂಜೆ ನಮ್ಮ ಕಟ್ಟೆಗೆ ಬಂದ ಆರನೇ ಇಯತ್ತೆಯ ಹುಡುಗನ ಮುಂಗೈ ಮೇಲೆ ಮೂರು ಕೆಂಪು ಗೀರುಗಳಿದ್ದವು.

“ಅಕ್ಕೋರ, ನಾ ಅದಕ್ಕ ದಿನಾ ಹಾಲು ಹಾಕೇನ್ರಿ. ಇವತ್ತ ಎತ್ಕೊಳ್ಳಾಕ ಹೋದ್ರ ಪರಚಿ ಓಡಿ ಹೋತು. ಬೆಕ್ಕಿಗೆ ನಿಯತ್ತ ಇಲ್ಲ ಬಿಡ್ರಿ.”

“ಎಷ್ಟ ದಿನ ಹಾಕಿದ್ದಿ?”

“ಮೂರ ದಿನ್ರಿ.”

ಮೊದಲು ಅವನನ್ನು ನಲ್ಲಿಯ ಹತ್ತಿರ ಕರೆದೊಯ್ದು, ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ಕೈ ತೊಳೆಸಿದೆ. ಅರಿಶಿನ, ಸುಣ್ಣ, ಖಾರದಪುಡಿ ಯಾವುದನ್ನೂ ಮೆತ್ತಲು ಬಿಡಲಿಲ್ಲ. ಅವನ ಅವ್ವನನ್ನು ಕರೆದು, ತಡಮಾಡದೆ ಸರ್ಕಾರಿ ದವಾಖಾನೆಗೆ ಕರಕೊಂಡು ಹೋಗಿ ರೇಬೀಸ್ ಚುಚ್ಚುಮದ್ದು ಶುರು ಮಾಡಿಸು ಎಂದೆ. ಮಕ್ಕಳೇ, ಬೆಕ್ಕು ಎಷ್ಟೇ ಮುದ್ದಾಗಿರಲಿ, ಗೀರು ಎಷ್ಟೇ ತೆಳ್ಳಗಿರಲಿ, ಈ ಮಾತಿನಲ್ಲಿ ಸಡಿಲು ಬೇಡ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ. ಮೊದಲೇ ಎಲ್ಲ ಸೂಜಿಗಳನ್ನೂ ತಪ್ಪದೆ ಹಾಕಿಸಿಕೊಂಡರೆ ಜೀವ ಉಳಿಯುತ್ತದೆ. ಮನೆಯಲ್ಲಿ ಬೈಯುತ್ತಾರೆಂದು ಗೀರು ಮುಚ್ಚಿಡುವ ಮಕ್ಕಳನ್ನು ನಾನು ಶಾಲೆಯಲ್ಲಿ ಕಂಡಿದ್ದೇನೆ. ಮುಚ್ಚಿಡಬೇಡಿ.

ಕೈ ಒರೆಸಿಕೊಂಡ ಮೇಲೆ ಅವನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಹೇಳಿದ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವನಂಥ ಹುಡುಗರು, ಹುಡುಗಿಯರು ನಮ್ಮ ಸೂಡಿಯಲ್ಲಷ್ಟೇ ಅಲ್ಲ, ರೋಣ, ಗಜೇಂದ್ರಗಡ, ನರಗುಂದದ ಪ್ರತಿ ಓಣಿಯಲ್ಲೂ ಇದ್ದಾರೆ. ಹಿತ್ತಲಿಗೆ ಬಂದ ಬಡಕಲು ಬೆಕ್ಕನ್ನು ಕಂಡು ಕರುಳು ಚುರ್ ಎಂದವರು, ಆದರೆ ಮುಂದೇನು ಮಾಡಬೇಕೆಂದು ತಿಳಿಯದವರು.

ಆ ಹುಡುಗನನ್ನು ಪರಚಿದ ಬೆಕ್ಕು ಯಾರದೆಂದು ನನಗೆ ಗೊತ್ತು. ಓಣಿಯ ತುದಿಯಲ್ಲಿ ಬೀಗ ಬಿದ್ದಿರುವ ಮನೆಯದು. ಗುಳೆ ಎಂದರೆ ನಮ್ಮ ಕಡೆಯ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟು ಎರಿ ಹೊಲ ಬಾಯಿ ಬಿಟ್ಟ ವರ್ಷ ಮನೆಮಂದಿಯೆಲ್ಲ ಗೋವಾ, ಮಂಗಳೂರು, ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಎಮ್ಮೆಯನ್ನು ಮಾರುತ್ತಾರೆ, ಇಲ್ಲವೇ ಬೀಗರ ಮನೆಗೆ ಹೊಡೆದು ಬರುತ್ತಾರೆ. ಕೋಳಿಯನ್ನು ನೆರೆಯವರಿಗೆ ಕೊಡುತ್ತಾರೆ. ಬೆಕ್ಕನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ಅದರ ಹೊಟ್ಟಿ ಅದು ನೋಡ್ಕೋತೈತಿ’ ಎಂದುಬಿಡುತ್ತಾರೆ. ಬೀಗ ಬಿದ್ದ ಮರುದಿನ ಅದು ಹೊಸ್ತಿಲ ಮೇಲೆ ಕೂತಿರುತ್ತದೆ. ಎಂಟು ದಿನ, ಹತ್ತು ದಿನ ಹಾಗೇ ಕೂರುತ್ತದೆ. ಆಮೇಲೆ ಕಣಿಕೆಯ ಬಣವಿಯ ಸಂದಿ ಸೇರುತ್ತದೆ. ಹೋದವರನ್ನು ನಾನು ಬೈಯಲಾರೆ. ಹೊಟ್ಟೆಪಾಡು ಅವರನ್ನು ಎಳೆದುಕೊಂಡು ಹೋಗಿದೆ. ಆದರೆ ಇದ್ದ ನಾವು ಕಣ್ಣು ಮುಚ್ಚಿಕೊಂಡು ಕೂತರೆ ಅದು ನಮ್ಮ ತಪ್ಪು.

ಬೆಕ್ಕು ನಮ್ಮ ಮನೆಗಳಿಗೆ ಹೇಗೆ ಬಂತೆಂಬುದನ್ನು ನೆನೆಯಿರಿ. ಸುಮಾರು 10,000 ವರ್ಷಗಳ ಹಿಂದೆ ಪಶ್ಚಿಮ ಏಷ್ಯಾದಲ್ಲಿ ಮನುಷ್ಯ ಕಾಳು ಬೆಳೆದು ಕೂಡಿಡಲು ಕಲಿತ. ಕಾಳು ಇದ್ದಲ್ಲಿ ಇಲಿ ಬಂತು, ಇಲಿ ಇದ್ದಲ್ಲಿ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ 9,500 ವರ್ಷ ಹಳೆಯದಾದ ಒಂದು ಗೋರಿಯಲ್ಲಿ ಮನುಷ್ಯನ ಅಸ್ಥಿಯ ಪಕ್ಕದಲ್ಲೇ ಎಂಟು ತಿಂಗಳ ಬೆಕ್ಕೊಂದರ ಅಸ್ಥಿ ಸಿಕ್ಕಿದ ಸುದ್ದಿ 2004ರಲ್ಲಿ ಹೊರಬಂತು. ನಮ್ಮ ಅಜ್ಜಂದಿರು ಬಿಳಿಜೋಳವನ್ನು ನೆಲದ ಹಗೇವಿನಲ್ಲಿ ತುಂಬಿಡುತ್ತಿದ್ದ ಕಾಲದಲ್ಲಿ ಬೆಕ್ಕಿಲ್ಲದ ಒಕ್ಕಲು ಮನೆಯೇ ಇರಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಅದಕ್ಕೊಂದು ಚೀಲದ ತುಂಡು, ಗ್ವಾದಲಿಯ ಪಕ್ಕ ಒಂದು ಬಟ್ಟಲು. ಯಾರೂ ಅದನ್ನು ಕಟ್ಟಿ ತಂದದ್ದಲ್ಲ. ತಾನಾಗಿ ಬಂದದ್ದು, ತಾನಾಗಿ ಉಳಿದದ್ದು. ನಾಯಿಯನ್ನು ಕರೆದರೆ ಬರುತ್ತದೆ. ಬೆಕ್ಕು ಬರಬೇಕೆಂದು ತಾನು ತೀರ್ಮಾನಿಸಿದಾಗ ಬರುತ್ತದೆ. ಇದನ್ನು ಸೊಕ್ಕು ಎಂದು ತಿಳಿಯಬೇಡಿ, ಅದರ ಹುಟ್ಟುಗುಣ ಅಂಥದು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕತೆ ನಿಮಗೆಲ್ಲ ಗೊತ್ತು. ವಿಜಯನಗರದಲ್ಲಿ ಇಲಿಯ ಕಾಟ ಹೆಚ್ಚಾಗಿ ಕೃಷ್ಣದೇವರಾಯ ಮನೆಮನೆಗೂ ಒಂದು ಬೆಕ್ಕು, ಅದರ ಹಾಲಿಗೆ ಒಂದು ಹಸು ಕೊಡಿಸಿದ. ರಾಮಕೃಷ್ಣ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಮುಂದೆ ಹಾಲು ಕಂಡರೆ ಓಡತೊಡಗಿತು. ಶಾಲೆಯಲ್ಲಿ ಈ ಕತೆ ಹೇಳಿ ಎಷ್ಟೋ ವರ್ಷ ಮಕ್ಕಳನ್ನು ನಗಿಸಿದ್ದೇನೆ. ಈಗ ಅದೇ ಕತೆಯನ್ನು ಬೆಕ್ಕಿನ ಕಡೆಯಿಂದ ಯೋಚಿಸುತ್ತೇನೆ. ಒಂದು ದಿನ, ಒಂದು ಬಟ್ಟಲು, ಒಂದೇ ಸಲದ ನೋವು. ಅಷ್ಟಕ್ಕೆ ಜೀವಮಾನದ ನಂಬಿಕೆ ಹೋಯಿತು. ನೀನು ಮೂರು ದಿನ ಹಾಲು ಹಾಕಿದ್ದಿ, ತಮ್ಮಾ. ಅದಕ್ಕೂ ಮೊದಲು ಅದಕ್ಕೆ ಎಷ್ಟು ಕಲ್ಲು ಬಿದ್ದಿದ್ದವೋ, ಎಷ್ಟು ಬಾಗಿಲಲ್ಲಿ ಕಸಬರಿಗೆಯ ಏಟು ಸಿಕ್ಕಿತ್ತೋ ಬಲ್ಲೆಯಾ? ನೀನು ಪ್ರೀತಿಯಿಂದಲೇ ಎತ್ತಿಕೊಳ್ಳಲು ಹೋದಿ. ಅದಕ್ಕೆ ಕಂಡದ್ದು ಮೇಲಿನಿಂದ ಇಳಿದು ಬಂದ ಎರಡು ಕೈ. ನಿನ್ನ ಮನಸ್ಸು ಅದಕ್ಕೆ ಕಾಣುವುದಿಲ್ಲ. ನಿನ್ನ ಕೈ ಮಾತ್ರ ಕಾಣುತ್ತದೆ.

ಮೂರು ವರ್ಷದ ಹಿಂದೆ ನಮ್ಮ ಹಿತ್ತಲಿಗೂ ಇಂಥದೊಂದು ಬಂತು. ಬಿಳಿ, ಕರಿ, ಕೆಂಚು, ಮೂರು ಬಣ್ಣದ್ದು. ಹೀಗೆ ಮೂರು ಬಣ್ಣ ಕೂಡಿದ ಬೆಕ್ಕು ಹೆಚ್ಚುಕಮ್ಮಿ ಯಾವಾಗಲೂ ಹೆಣ್ಣೇ. ಪಕ್ಕೆಲುಬು ಎಣಿಸಬಹುದಿತ್ತು, ಎಡಗಿವಿ ಹರಿದಿತ್ತು, ಒಂದು ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಹಗಲು ನಮ್ಮೂರ ಹಳೆಯ ಕೊಳವಾದ ನಾಗಕುಂಡದ ಮೆಟ್ಟಿಲ ನೆರಳಿನಲ್ಲಿ ಮಲಗಿ, ದನ ಮನೆಗೆ ಬರುವ ಹೊತ್ತಿಗೆ ನಮ್ಮ ಹಿತ್ತಲ ಗೋಡೆ ಹತ್ತಿ ಕೂರುತ್ತಿತ್ತು. ನಿವೃತ್ತಿಯಾದ ನನಗೆ ಹೊತ್ತಿಗೆ ಬರವಿರಲಿಲ್ಲ. ನಾನು ಅದನ್ನು ಗೆದ್ದೆ ಎಂದು ಹೇಳಲಾರೆ. ಅದು ನನಗೆ ಕಾಯುವುದನ್ನು ಕಲಿಸಿತು. ಆ ಕಲಿಕೆಯನ್ನು ಮೂರು ಅಳತೆಗಳಲ್ಲಿ ಹೇಳುತ್ತೇನೆ: ಮಾರು, ಮೊಳ, ಗೇಣು. ನಿಮ್ಮ ಅಜ್ಜಿ ಹೂ ಅಳೆಯುವ ಅಳತೆಗಳೇ ಇವು.

ಮೊದಲನೆಯದು ಮಾರು. ಐದು ಮಾರು ದೂರದಲ್ಲಿ ಬಟ್ಟಲು ಇಡು. ಇಟ್ಟು ಒಳಗೆ ಹೋಗು. ನಿಂತು ನೋಡಬೇಡ, ಕರೆಯಬೇಡ. ದಿನವೂ ಅದೇ ಹೊತ್ತು, ಅದೇ ಜಾಗ, ಅದೇ ಬಟ್ಟಲು. ಬೆಕ್ಕಿಗೆ ಹೊತ್ತಿನ ಲೆಕ್ಕ ಚೆನ್ನಾಗಿ ಗೊತ್ತು. ಒಂದು ದಿನ ಹೊಟ್ಟೆ ಬಿರಿಯುವಷ್ಟು ಹಾಕಿ ನಾಲ್ಕು ದಿನ ಮರೆತರೆ, ಆ ಒಂದು ದಿನದ ಔದಾರ್ಯ ಅದರ ಲೆಕ್ಕಕ್ಕೆ ಬರುವುದಿಲ್ಲ. ದಿನವೂ ಹಿಡಿಯಷ್ಟೇ ಸಾಕು, ತಪ್ಪಬಾರದು. ನನ್ನ ಮೂರು ಬಣ್ಣದವಳು ನಾನು ಕಾಣುವಂತೆ ಕೂತಿರುವಾಗ ಮೊದಲ ಸಲ ಬಾಯಿ ಹಾಕಿದ್ದು ಹನ್ನೊಂದನೆಯ ದಿನ.

ಬಟ್ಟಲಿಗೆ ಏನು ಹಾಕಬೇಕು? ಬೆಕ್ಕು ಎಂದರೆ ಹಾಲು ಎಂದು ನಾವೆಲ್ಲ ಚಿಕ್ಕಂದಿನಿಂದ ನಂಬಿದ್ದೇವೆ. ಮರಿಯಾಗಿದ್ದಾಗ ತಾಯಿಯ ಹಾಲು ಅರಗುತ್ತದೆ. ಬೆಳೆದ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಬಹಳ ಬೆಕ್ಕುಗಳಲ್ಲಿ ಕುಗ್ಗುತ್ತದೆ. ಆಸೆಯಿಂದ ಕುಡಿದುಬಿಡುತ್ತವೆ, ಆಮೇಲೆ ಭೇದಿ ಹತ್ತುತ್ತದೆ. ಮೊದಲೇ ಒಣಗಿದ ಮೈಯಿಂದ ಇದ್ದ ನೀರೂ ಹೋಗುತ್ತದೆ. ಆದ್ದರಿಂದ ಹಾಲಿಗಿಂತ ಮೊದಲು ನೀರು ಇಡು. ಏಪ್ರಿಲ್, ಮೇ ತಿಂಗಳಿನಲ್ಲಿ ನಮ್ಮ ಊರಿನ ಬಿಸಿಲು ಗೊತ್ತಲ್ಲ. ಮಣ್ಣಿನ ಪಾತ್ರೆಯಲ್ಲಿ ನೆರಳಿಗೆ ಇಟ್ಟ ನೀರು ಅನ್ನಕ್ಕಿಂತ ದೊಡ್ಡದು.

ಬೆಕ್ಕು ಹುಟ್ಟಾ ಮಾಂಸಾಹಾರಿ. ಟಾರಿನ್ ಎಂಬ ಒಂದು ಪೋಷಕಾಂಶ ಅದಕ್ಕೆ ಮಾಂಸದಿಂದಲೇ ಸಿಗಬೇಕು, ಅದಿಲ್ಲದಿದ್ದರೆ ಕಣ್ಣು ಮತ್ತು ಹೃದಯ ಕೆಡುತ್ತವೆ. ಬರೀ ರೊಟ್ಟಿ, ಅನ್ನ ಹಾಕಿ ಅದನ್ನು ಸಾಕುತ್ತೇನೆ ಎಂಬುದು ನಮ್ಮ ಆಸೆಯಾದೀತು, ಅದರ ಹೊಟ್ಟೆಗೆ ಸಾಲದು. ಮಾಂಸ ಮಾಡುವ ಮನೆಯವರು ಉಪ್ಪು, ಖಾರ ಹಾಕುವ ಮೊದಲೇ ಬೇಯಿಸಿದ ಒಂದು ತುಂಡು ಎತ್ತಿಡಿ, ಎಲುಬು ತೆಗೆದು. ನಮ್ಮದು ಕಾಯಿಪಲ್ಲೆಯ ಮನೆ. ಒಲೆಯ ಮೇಲೆ ತತ್ತಿ ಬೇಯಿಸುವಂತಿಲ್ಲ. ಹಿತ್ತಲಲ್ಲಿ ಮೂರು ಕಲ್ಲು ಇಟ್ಟು, ಹಳೆಯ ತಂಬಿಗೆಯಲ್ಲಿ ತತ್ತಿ ಬೇಯಿಸಿ ಹಾಕಿದೆ. ಉಳಿದದ್ದನ್ನು ಅದು ಬಣವಿಯ ಇಲಿಯಿಂದ ತಾನೇ ತುಂಬಿಕೊಂಡಿತು. ನಿಮ್ಮ ಮನೆಯ ಆಚಾರವನ್ನು ಮುರಿಯಿರಿ ಎಂದು ನಾನು ಹೇಳುವುದಿಲ್ಲ. ಹಿರಿಯರನ್ನು ಕೇಳಿ ದಾರಿ ಹುಡುಕಿರಿ, ಹುಡುಕಿದರೆ ಸಿಗುತ್ತದೆ. ಒಂದು ಮಾತು ನೆನಪಿರಲಿ: ಉಳ್ಳಾಗಡ್ಡಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಅವುಗಳಿಂದ ಅದರ ರಕ್ತದ ಕೆಂಪು ಕಣಗಳು ಒಡೆಯುತ್ತವೆ. ನಮ್ಮ ಕಡೆಯ ಸಾರು, ಪಲ್ಲೆ, ಚಟ್ನಿ ಇವೆರಡಿಲ್ಲದೆ ಆಗುವುದಿಲ್ಲವಾದ್ದರಿಂದ ತಾಟಿನಲ್ಲಿ ಉಳಿದದ್ದನ್ನು ಕಲಸಿ ಹಾಕುವ ರೂಢಿ ಬಿಡಿ.

ಎರಡನೆಯದು ಮೊಳ. ನೀನು ಕೂತಿರುವಾಗಲೇ ಅದು ಉಣ್ಣಲು ಶುರು ಮಾಡಿದ ಮೇಲೆ ಬಟ್ಟಲನ್ನು ನಿನ್ನ ಕಡೆಗೆ ಒಂದು ಮೊಳ ಸರಿಸು. ಮೂರು, ನಾಲ್ಕು ದಿನ ಅಲ್ಲೇ ಇರಲಿ. ಉಣ್ಣುವುದು ನಿಂತರೆ ನೀನು ಅವಸರ ಮಾಡಿದ್ದಿ ಎಂದು ಅರ್ಥ. ಹಿಂದಿನ ಜಾಗಕ್ಕೆ ಒಯ್ಯು. ಈ ಸರಿಸುವ ಕೆಲಸದಲ್ಲಿ ನಾಚಿಕೆ ಬೇಡ. ನಾನು ಎಷ್ಟೋ ಸಲ ಸರಿಸಿ, ಎಷ್ಟೋ ಸಲ ಹಿಂದಕ್ಕಿಟ್ಟಿದ್ದೇನೆ.

ಕೂರುವುದಕ್ಕೂ ಒಂದು ರೀತಿ ಇದೆ. ನಿಂತ ಮನುಷ್ಯ ಬೆಕ್ಕಿಗೆ ತೆಂಗಿನ ಮರದಷ್ಟು ಎತ್ತರ. ನೆಲದ ಮೇಲೆ ಕೂರು. ಎದುರು ಮುಖ ಬೇಡ, ಓರೆಯಾಗಿ ಕೂರು. ಕೈಯಲ್ಲಿ ಏನಾದರೂ ಕೆಲಸವಿರಲಿ: ಕಡಲೆ ಬಿಡಿಸು, ಪುಸ್ತಕ ಓದು. ಮೊಬೈಲ್‌ನ ಸದ್ದು ನಿಲ್ಲಿಸು, ಸ್ಟೀಲಿನ ತಾಟು ಕಲ್ಲಿನ ಮೇಲೆ ಕುಕ್ಕಬೇಡ. ನಮ್ಮ ಕಿವಿ ಸುಮಾರು 20,000 ಹರ್ಟ್ಜ್‌ವರೆಗಿನ ಸದ್ದು ಕೇಳಿದರೆ ಬೆಕ್ಕಿನ ಕಿವಿ 60,000 ದಾಟಿ ಕೇಳುತ್ತದೆ. ಇಲಿಮರಿಯ ಪಿಸುಮಾತು ಹಿಡಿಯಲು ದೇವರು ಕೊಟ್ಟ ಕಿವಿಗೆ ನಮ್ಮ ಮನೆಯ ಗದ್ದಲ ಗುಡುಗಿನಂತೆ.

ಇನ್ನು ಕಣ್ಣು. ಬಹಳ ಮಕ್ಕಳು ತಪ್ಪುವುದು ಇಲ್ಲೇ. ಪ್ರೀತಿಯಿಂದ ದಿಟ್ಟಿಸಿ ನೋಡುತ್ತೀರಿ. ಬೆಕ್ಕಿನ ಲೋಕದಲ್ಲಿ ದಿಟ್ಟಿಸುವುದು ಜಗಳಕ್ಕೆ ಕರೆದಂತೆ. ನೋಡು, ಆಮೇಲೆ ನಿಧಾನಕ್ಕೆ ರೆಪ್ಪೆ ಇಳಿಸು, ಅರೆಗಳಿಗೆ ಮುಚ್ಚು, ನಿಧಾನಕ್ಕೆ ತೆರೆ. ಇಂಗ್ಲೆಂಡಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದರು. ಹೀಗೆ ನಿಧಾನಕ್ಕೆ ಕಣ್ಣು ಮಿಟುಕಿಸಿದವರಿಗೆ ಬೆಕ್ಕುಗಳು ತಾವೂ ಕಣ್ಣು ಕಿರಿದಾಗಿಸಿ ಉತ್ತರ ಕೊಟ್ಟವು. ಗುರುತಿಲ್ಲದವರು ಸುಮ್ಮನೆ ಕೈಚಾಚಿದಾಗಿನದಕ್ಕಿಂತ ಕಣ್ಣು ಮಿಟುಕಿಸಿ ಕೈಚಾಚಿದಾಗ ಹೆಚ್ಚಾಗಿ ಹತ್ತಿರ ಬಂದವು. ‘ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ’ ಎಂದು ನಾವು ಗಾದೆ ಕಟ್ಟಿ, ಅದರ ಮುಚ್ಚಿದ ಕಣ್ಣನ್ನು ಕಳ್ಳತನದ ಗುರುತು ಮಾಡಿದ್ದೇವೆ. ಹತ್ತಿರ ಕೂತು ನೋಡಿದ ನನಗೆ ಗೊತ್ತಾದದ್ದು ಇಷ್ಟು: ಹೆದರಿದ ಬೆಕ್ಕು ನಿನ್ನ ಮುಂದೆ ಕಣ್ಣು ಮುಚ್ಚುವುದೇ ಇಲ್ಲ. ಮುಚ್ಚಿತೆಂದರೆ ಆ ಗಳಿಗೆಯಲ್ಲಿ ಅದು ನಿನ್ನನ್ನು ನಂಬಿದೆ. ನನ್ನ ಮೂರು ಬಣ್ಣದವಳು ಮೊದಲ ಸಲ ನನ್ನತ್ತ ರೆಪ್ಪೆ ಇಳಿಸಿದ್ದು ಒಂದೂವರೆ ತಿಂಗಳ ಮೇಲೆ. ಆ ಸಂಜೆ ನಾನು ಕಡಲೆ ಬಿಡಿಸುವುದನ್ನು ಬಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಮೂರನೆಯದು ಗೇಣು. ಅದು ಗೇಣಿನಷ್ಟು ಹತ್ತಿರ ಬಂದಾಗಲೂ ನೀನಾಗಿ ಮುಟ್ಟಬೇಡ. ಒಂದು ಬೆರಳನ್ನು ಅದರ ಮೂಗಿನ ಮಟ್ಟಕ್ಕೆ ಚಾಚಿ ಸುಮ್ಮನಿರು. ಬೇಕೆನಿಸಿದರೆ ಬಂದು ಮೂಸುತ್ತದೆ. ಇನ್ನೂ ಬೇಕೆನಿಸಿದರೆ ಕೆನ್ನೆಯನ್ನು ಬೆರಳಿಗೆ ಉಜ್ಜುತ್ತದೆ. ಅದರ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಉಜ್ಜುವುದೆಂದರೆ ‘ಇದು ನನ್ನದು’ ಎಂದು ಗುರುತು ಹಾಕಿದಂತೆ. ಬಾಲವನ್ನು ನೆಟ್ಟಗೆ ಎತ್ತಿ ಬಂದರೆ ಸ್ನೇಹ. ಕಿವಿ ಹಿಂದಕ್ಕೆ ಒರಗಿ, ಬಾಲ ಬಡಿಯತೊಡಗಿದರೆ ‘ಸಾಕು’ ಎಂದಂತೆ. ಕೆನ್ನೆ, ಗದ್ದ, ಕಿವಿಯ ಬುಡ, ಇಷ್ಟೇ ಸವರು. ಹೊಟ್ಟೆಗೆ ಕೈ ಹಾಕಬೇಡ. ಎರಡು, ಮೂರು ಸಲ ಸವರಿ ಕೈ ಹಿಂದಕ್ಕೆ ತೆಗೆದುಕೋ. ಇನ್ನೂ ಬೇಕಾದರೆ ಅದೇ ಮುಂದೆ ಬರುತ್ತದೆ. ‘ಸಾಕು’ ಎಂದಾಗ ನಿಲ್ಲಿಸುವ ಕೈ ಎಂದು ಒಮ್ಮೆ ಗೊತ್ತಾದರೆ, ಆ ಕೈಗೆ ಅದು ಮತ್ತೆ ಬರುತ್ತದೆ. ಇದು ಬೆಕ್ಕಿಗಷ್ಟೇ ಹೇಳಿದ ಮಾತಲ್ಲ, ಹುಡುಗರೇ, ಹುಡುಗಿಯರೇ, ದೊಡ್ಡವರಾದ ಮೇಲೂ ನೆನಪಿಡಿ.

ಕೆಲವು ಬೆಕ್ಕುಗಳು ಗೇಣಿಗೆ ಬರುವುದೇ ಇಲ್ಲ. ಮರಿ ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗಿನ ದಿನಗಳಲ್ಲಿ ಮನುಷ್ಯರ ಕೈ ಸೋಕಿದ ಮರಿಗಳು ಮುಂದೆ ಸುಲಭವಾಗಿ ಹೊಂದಿಕೊಳ್ಳುತ್ತವೆ. ಆ ದಿನಗಳನ್ನು ಬಣವಿಯಲ್ಲೋ ಗಿಡಗಂಟಿಯಲ್ಲೋ ಕಳೆದ ಬೆಕ್ಕು ಎಷ್ಟೇ ಕಾದರೂ ಮೊಳ ದೂರದಲ್ಲೇ ಉಳಿಯಬಹುದು. ಅದನ್ನು ಸೋಲೆಂದು ತಿಳಿಯಬೇಡ. ಮೊಳ ದೂರದಲ್ಲಿ ಹೆದರದೆ ಉಂಡು ಹೋಗುವಂತಾದರೆ ಅದರ ಪಾಲಿಗೆ ಅದೇ ಮನೆ.

ಎಲ್ಲ ಸರಿಹೋಯಿತು ಎನ್ನುವಾಗಲೇ ದೀಪಾವಳಿ ಬಂತು. ಓಣಿಯಲ್ಲಿ ಯಾರೋ ಹಚ್ಚಿದ ಸರಪಟಾಕಿಯ ಸದ್ದಿಗೆ ನನ್ನ ಮೂರು ಬಣ್ಣದವಳು ಗೋಡೆ ಹಾರಿ ಹೋದವಳು ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ಬಂದಾಗ ಮೊದಲಿನಂತೆ ಐದು ಮಾರು ದೂರದಲ್ಲಿ ನಿಂತಳು. ನಾಲ್ಕು ತಿಂಗಳ ಕೆಲಸ ಒಂದು ರಾತ್ರಿಯಲ್ಲಿ ಹೋಯಿತಲ್ಲ ಎಂದು ಮನಸ್ಸು ಮುರಿದು, ಆ ದಿನ ಹಾಗೇ ನಡೆಯುತ್ತ ಜೋಡುಕಳಸದ ಗುಡಿಯ ಕಡೆ ಹೋದೆ.

ನಮ್ಮೂರ ಚರಿತ್ರೆ ನಿಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದೇನೆ. ಸಾವಿರ ವರ್ಷದ ಹಿಂದೆ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಸೂಡಿ ಕಿಸುಕಾಡು ಎಪ್ಪತ್ತು ಎಂಬ ನಾಡಿನ ದೊಡ್ಡ ಊರು. ಆ ನಾಡನ್ನು ಆಳಿದವಳು ಚಾಲುಕ್ಯ ಮನೆತನದ ಹೆಣ್ಣುಮಗಳು ಅಕ್ಕಾದೇವಿ. ಯುದ್ಧಕ್ಕೂ ನಿಂತವಳು, ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು. ಆದರೆ ನನಗೆ ಅವಳ ಯುದ್ಧಕ್ಕಿಂತ ದೊಡ್ಡದಾಗಿ ಕಾಣುವುದು ಅವಳು ಮಾಡಿದ ಇನ್ನೊಂದು ಕೆಲಸ. ಚೋಳರೊಡನೆ ನಡೆದ ಕಾಳಗದಲ್ಲಿ ನೊಂದ ಈ ಊರಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲಿಗೂ ಅವರ ಹಳೆಯ ಕಟ್ಟುಪಾಡನ್ನು ಅವಳು 1050ರ ಸುಮಾರಿಗೆ ಹೊಸದಾಗಿ ಕಟ್ಟಿಕೊಟ್ಟಳೆಂದು ಸೂಡಿಯ ಶಾಸನ ಹೇಳುತ್ತದೆ. ಪೆಟ್ಟು ತಿಂದ ಊರು ‘ಇನ್ನು ಹೆದರಬೇಡಿ’ ಎಂದರೆ ನಂಬುವುದಿಲ್ಲ. ಮೊದಲಿದ್ದದ್ದನ್ನು ಮತ್ತೆ ಬರೆದುಕೊಟ್ಟು, ಬರೆದಂತೆ ನಡೆದರೆ ನಂಬುತ್ತದೆ. ಅದಾದ ಮೇಲಿನ ವರ್ಷಗಳಲ್ಲೇ ಇಲ್ಲಿ ಗುಡಿ ಎದ್ದಿತು, ನಾಗಕುಂಡ ತುಂಬಿತು.

ಆ ಕಲ್ಲುಗಳ ಮುಂದೆ ನನ್ನ ಬೇಸರ ಕರಗಿತು. ಮನೆಗೆ ಬಂದು ಬಟ್ಟಲನ್ನು ಮತ್ತೆ ಐದು ಮಾರು ದೂರಕ್ಕೆ ಒಯ್ದಿಟ್ಟೆ. ಮೊದಲ ಸಲ ನಾಲ್ಕು ತಿಂಗಳು ಹಿಡಿದ ದಾರಿಯನ್ನು ಎರಡನೆಯ ಸಲ ಅವಳು ಮೂರು ವಾರದಲ್ಲಿ ನಡೆದು ಬಂದಳು. ಒಮ್ಮೆ ಕಟ್ಟಿದ ನಂಬಿಕೆ ಮುರಿದರೂ ಬುನಾದಿ ಉಳಿದಿರುತ್ತದೆ. ಮರಳಿ ಕಟ್ಟಲು ಕೂತವನಿಗೆ ಅದು ಗೊತ್ತಾಗುತ್ತದೆ.

ಈಗ ಒಂದಷ್ಟು ಎಚ್ಚರದ ಮಾತು. ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ. ನೋವಿದ್ದಾಗಲೂ ಗುರುಗುಟ್ಟುತ್ತದೆ, ಆದ್ದರಿಂದ ಗುರುಗುಟ್ಟಿದೆ ಎಂದ ಮಾತ್ರಕ್ಕೆ ಸುಖವಾಗಿದೆ ಎಂದು ತಿಳಿಯಬೇಡ. ಒಂದೆರಡು ದಿನ ಏನೂ ತಿನ್ನದಿದ್ದರೆ ಅದು ಅಪಾಯದ ಗುರುತು. ಮನೆಮದ್ದು ಮಾಡಬೇಡ. ನಮ್ಮ ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಒಂದೇ ಗುಳಿಗೆ ಬೆಕ್ಕಿನ ಜೀವ ತೆಗೆಯಬಲ್ಲದು. ನಾಯಿಯ ಉಣ್ಣೆಗೆ ಹಾಕುವ ಪರ್ಮೆಥ್ರಿನ್ ಮದ್ದು ಬೆಕ್ಕಿನ ಮೈಗೆ ವಿಷ. ಫಿನೈಲ್ ಹಾಕಿ ಒರೆಸಿದ ನೆಲ ತುಳಿದು ಅದು ಕಾಲು ನೆಕ್ಕಿಕೊಂಡರೂ ಕೇಡು. ಮನೆಯಲ್ಲಿ, ಹೊಲದಲ್ಲಿ ಇಲಿಪಾಷಾಣ ಇಟ್ಟಾಗ ಆ ವಿಷ ತಿಂದ ಇಲಿಯನ್ನು ಹಿಡಿದ ಬೆಕ್ಕೂ ಸಾಯಬಹುದು. ಓಣಿಯಲ್ಲಿ ಎರಡು ಬೆಕ್ಕು ನೆಮ್ಮದಿಯಿಂದಿದ್ದರೆ ಪಾಷಾಣದ ಪೊಟ್ಟಣ ತರುವ ಕೆಲಸ ಕಡಿಮೆಯಾಗುತ್ತದೆ ಎಂದು ಅಪ್ಪನಿಗೆ ತಿಳಿಸಿ ಹೇಳು. ಕಾಯಿಲೆಯಾದಾಗ ಹತ್ತಿರದ ಪಶು ಆಸ್ಪತ್ರೆಯನ್ನು ಕೇಳು. ಪಶುಗಳ ತುರ್ತಿಗೆ 1962 ಎಂಬ ಉಚಿತ ಸಂಖ್ಯೆ ಇದೆ. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಮನೆಯಲ್ಲಿ ಬಸುರಿ ಇದ್ದರೆ ಬೆಕ್ಕಿನ ಮಲವನ್ನು ಅವರು ಮುಟ್ಟಬಾರದು. ಆ ಕೆಲಸ ಬೇರೆಯವರು ಮಾಡಿ ಕೈ ತೊಳೆಯಬೇಕು.

ಹೆಣ್ಣು ಬೆಕ್ಕಿಗೆ ನಾಲ್ಕೈದು ತಿಂಗಳು ತುಂಬಿದರೆ ಗಬ್ಬವಾಗಬಲ್ಲದು. ಸುಮಾರು 63 ದಿನಕ್ಕೆ ಮರಿ ಹಾಕುತ್ತದೆ, ವರ್ಷಕ್ಕೆ ಎರಡು, ಮೂರು ಸೂಲು. ಆ ಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟು ಬರುವವರನ್ನು ನೀವೂ ನೋಡಿದ್ದೀರಿ. ಹಸಿವು, ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆದು ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಮೊದಲು ಅದು ಪಾಪ. ಬೆಕ್ಕು ನಿಮ್ಮನ್ನು ನಂಬಿ ಬುಟ್ಟಿಗೆ ಇಳಿಯುವಷ್ಟಾದ ಮೇಲೆ ಹಿರಿಯರೊಡನೆ ಹೋಗಿ ಪಶುವೈದ್ಯರನ್ನು ಕೇಳಿ ಸಂತಾನಹರಣ ಮಾಡಿಸಿ, ರೇಬೀಸ್ ಲಸಿಕೆಯನ್ನೂ ಹಾಕಿಸಿ. ನನ್ನ ಮೂರು ಬಣ್ಣದವಳಿಗೆ ಮಾಡಿಸಿದಾಗ ಎಂಟು ದಿನ ನನ್ನ ಮೇಲೆ ಮುನಿಸಿಕೊಂಡಿದ್ದಳು. ಒಂಬತ್ತನೆಯ ದಿನ ಬಂದು ಮಡಿಲ ಪಕ್ಕ ಮಲಗಿದಳು.

‘ಬೆಕ್ಕು ಅಡ್ಡ ಬಂದ್ರ ಕೆಲಸ ಕೆಡತೈತಿ’ ಎಂದು ಕಲ್ಲೆತ್ತುವವರು ಈಗಲೂ ಇದ್ದಾರೆ. ಮಂಡ್ಯ ಜಿಲ್ಲೆಯ ಬೆಕ್ಕಳಲೆ ಎಂಬ ಊರಿನಲ್ಲಿ ಬೆಕ್ಕನ್ನೇ ಮಂಗಮ್ಮ ದೇವಿಯೆಂದು ಗುಡಿ ಕಟ್ಟಿ ಪೂಜಿಸುತ್ತಾರೆ. ಒಂದು ಊರಿನ ಅಪಶಕುನ ಇನ್ನೊಂದು ಊರಿನ ದೇವರಾದರೆ, ಶಕುನ ಇರುವುದು ಬೆಕ್ಕಿನಲ್ಲಲ್ಲ, ನಮ್ಮ ಕಣ್ಣಿನಲ್ಲಿ. ಪೂಜೆಯೂ ಬೇಡ, ಕಲ್ಲೂ ಬೇಡ. ಅದು ತನ್ನ ಹೊಟ್ಟೆಪಾಡಿಗೆ ದಾರಿ ದಾಟುತ್ತಿದೆ, ದಾಟಲು ಬಿಡಿ.

ಕೊನೆಯದಾಗಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ಶುರು ಮಾಡುವ ಮೊದಲು ನಿನ್ನನ್ನೇ ಕೇಳಿಕೋ: ಮುಂದಿನ ವರ್ಷ ನಾನು ಇಲ್ಲಿರುತ್ತೇನೆಯೆ? ಓದಲು ಧಾರವಾಡಕ್ಕೋ ದುಡಿಯಲು ಬೆಂಗಳೂರಿಗೋ ಹೋದರೆ ಈ ಬಟ್ಟಲನ್ನು ತುಂಬುವವರು ಯಾರು? ಬೀಗ ಬಿದ್ದ ಮನೆಯ ಬೆಕ್ಕಿಗೆ ಎರಡನೆಯ ಸಲ ಬೀಗ ತೋರಿಸಬೇಡ. ಹಾಗೆಂದು ಕೈಕಟ್ಟಿ ಕೂರಲೂ ಬೇಡ. ತಂಗಿಯನ್ನು, ಪಕ್ಕದ ಮನೆಯ ಅಜ್ಜಿಯನ್ನು ಮೊದಲಿನಿಂದಲೇ ಜೊತೆಗೆ ಕೂರಿಸಿಕೋ. ಎರಡು ಕೈಯ ವಾಸನೆ ಅದಕ್ಕೆ ಪರಿಚಯವಿರಲಿ. ಗುಳೆ ಹೊರಟ ಮನೆಯವರು ಕೀಲಿ ಕೊಡಲು ಬಂದಾಗ ‘ಬೆಕ್ಕಿಂದು ಏನು ಮಾಡೀರಿ?’ ಎಂದು ಕೇಳುವವರು ಓಣಿಗೊಬ್ಬರು ಇರಲಿ. ಆ ಒಬ್ಬರು ನೀವಾಗಿ.

ಇಷ್ಟು ಹೇಳಿದ ಮೇಲೆ ಆ ಹುಡುಗ ಕೈ ನೋಡಿಕೊಳ್ಳುತ್ತ ಕೇಳಿದ: “ಇನ್ನ ಅದು ನನ್ನ ಹಂತ್ಯಾಕ ಬರತೈತೇನ್ರಿ?”

ಬರುತ್ತದೆ ಎಂದು ನಾನು ಮಾತು ಕೊಡಲಿಲ್ಲ, ಏಕೆಂದರೆ ಅದು ಬೆಕ್ಕು ತೀರ್ಮಾನಿಸಬೇಕಾದ ಮಾತು, ನನ್ನದಲ್ಲ. ದಿನವೂ ತಪ್ಪದೆ ಬಟ್ಟಲು ಇಡುತ್ತೇನೆಂದು ಮಾತು ಕೊಡಬೇಕಾದವನು ಆ ಹುಡುಗ. ನಿಮಗೂ ಅದನ್ನೇ ಹೇಳುತ್ತೇನೆ, ಮಕ್ಕಳೇ. ಇವತ್ತು ಸಂಜೆ ದನ ಮನೆಗೆ ಬರುವ ಹೊತ್ತಿಗೆ ಐದು ಮಾರು ದೂರದಲ್ಲಿ ಒಂದು ಬಟ್ಟಲು ನೀರು, ಒಂದು ಹಿಡಿ ತಿನಿಸು ಇಟ್ಟು ಒಳಗೆ ಹೋಗಿ. ನಾಳೆ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಮತ್ತೆ ಇಡಿ. ನಾಡಿದ್ದು ಮಳೆ ಬಂದರೂ ಇಡಿ.